ದಾನದ ಲೆಕ್ಕ ಲೀಟರಿನಲ್ಲಿ: ಗುರುರಾಜ ದೇಶಪಾಂಡೆ ಮತ್ತು ಮಲಪ್ರಭೆ ಸೀಮೆಯ ನಾಲ್ಕು ತಾಲ್ಲೂಕು

1999ರ ಅಕ್ಟೋಬರ್ 22ರಂದು ಅಮೆರಿಕದ ನಾಸ್ಡಾಕ್ ಪೇಟೆಯಲ್ಲಿ ಸಿಕಮೋರ್ ನೆಟ್‌ವರ್ಕ್ಸ್ ಎಂಬ ಕಂಪನಿಯ ಷೇರು ಮೊದಲ ಸಲ ವ್ಯಾಪಾರಕ್ಕೆ ಬಂತು. ಕಂಪನಿ ನಿಗದಿ ಮಾಡಿದ್ದ ಬೆಲೆ 38 ಡಾಲರ್. ಅಂದು ಸಂಜೆ ಪೇಟೆ ಮುಚ್ಚುವಾಗ ಅದೇ ಷೇರಿನ ಬೆಲೆ 184.75 ಡಾಲರ್. ಒಂದೇ ದಿನದಲ್ಲಿ ಶೇ 386ರಷ್ಟು ಏರಿಕೆ. ಹುಟ್ಟಿ ಎರಡು ವರ್ಷವೂ ತುಂಬದ ಕಂಪನಿಯ ಒಟ್ಟು ಮೌಲ್ಯ ಸುಮಾರು 14.4 ಶತಕೋಟಿ ಡಾಲರ್ ಆಯಿತು. ಆಗಿನ ವಿನಿಮಯ ದರದಲ್ಲಿ ಅದು 62 ಸಾವಿರ ಕೋಟಿ ರೂಪಾಯಿಯ ಆಸುಪಾಸು. ಅದರ ಸಂಸ್ಥಾಪಕರಲ್ಲಿ ಒಬ್ಬರು ಹುಬ್ಬಳ್ಳಿ ಸೀಮೆಯ ಗುರುರಾಜ ದೇಶಪಾಂಡೆ.

ಈ ಅಂಕಿ ಪತ್ರಿಕೆಗಳಲ್ಲಿ ಬಹಳ ಸಲ ಬಂದಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಒಣಬೇಸಾಯದ ರೈತನಿಗೆ ಅದರಿಂದ ತಿಳಿಯುವುದು ಏನೂ ಇಲ್ಲ. ಅವನ ಹೊಲಕ್ಕೆ ಬೇಕಾದ ಅಂಕಿ ಬೇರೆ: ಎಷ್ಟು ಅಡಿ ಆಳ, ಎಷ್ಟು ಲಕ್ಷ ಲೀಟರ್, ಎಷ್ಟು ತಾಸು ಹಿಟಾಚಿ, ಎಷ್ಟು ಕ್ವಿಂಟಲ್ ಕಡಲೆ. ಊರಿಗೆ ಮರಳಿ ಬಂದ ಹಣವನ್ನು ಅಳೆಯಬೇಕಾದದ್ದು ಈ ಅಳತೆಗಳಲ್ಲಿ. ಈ ಬರಹದಲ್ಲಿ ಆ ಲೆಕ್ಕವನ್ನೇ ಮಾಡಿದ್ದೇನೆ.

ಹಣ ಬಂದ ದಾರಿ

ದೇಶಪಾಂಡೆ ಮದ್ರಾಸ್ ಐಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿದ್ದು 1973ರಲ್ಲಿ. ಬಳಿಕ ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ, ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮೋಟರೋಲಾ ಒಡೆತನದ ಕೋಡೆಕ್ಸ್ ಕಂಪನಿಯಲ್ಲಿ ನೌಕರಿ ಮಾಡಿ, 1987ರಲ್ಲಿ ಕೋರಲ್ ನೆಟ್‌ವರ್ಕ್ಸ್ ಎಂಬ ಸ್ವಂತ ಉದ್ಯಮಕ್ಕೆ ಕೈಹಾಕಿದರು. ಜೊತೆಗಾರರೊಡನೆ ಅಭಿಪ್ರಾಯ ಕೂಡದೆ ಅಲ್ಲಿಂದ ಹೊರಬಂದರು. 1993ರಲ್ಲಿ ಕೋರಲ್ ಮಾರಾಟವಾದದ್ದು ಒಂದೂವರೆ ಕೋಟಿ ಡಾಲರಿಗೆ.

ಎರಡನೆಯ ಕಂಪನಿ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್. ಇಂಟರ್‌ನೆಟ್ ಸಂಪರ್ಕ ಜಾಲಕ್ಕೆ ಬೇಕಾದ ಸ್ವಿಚ್‌ಗಳನ್ನು ತಯಾರಿಸುತ್ತಿದ್ದ ಈ ಕಂಪನಿಯನ್ನು 1997ರಲ್ಲಿ ಅಸೆಂಡ್ ಕಮ್ಯುನಿಕೇಷನ್ಸ್ 3.7 ಶತಕೋಟಿ ಡಾಲರಿಗೆ ಕೊಂಡಿತು. ಮೊದಲ ಕಂಪನಿಗೆ ಬಂದ ಬೆಲೆಯ ಸುಮಾರು 247 ಪಟ್ಟು. ಮರುವರ್ಷವೇ ಸಿಕಮೋರ್. ಅದರ ಏರಿಕೆಯನ್ನು ಮೇಲೆ ಹೇಳಿದೆ, ಇಳಿತವನ್ನೂ ಹೇಳಬೇಕು. 2000ದ ನಂತರ ಡಾಟ್‌ಕಾಂ ಗುಳ್ಳೆ ಒಡೆಯಿತು. ದೂರವಾಣಿ ಕಂಪನಿಗಳು ಖರೀದಿ ನಿಲ್ಲಿಸಿದವು. ಷೇರಿನ ಬೆಲೆ ಕೆಲವೇ ಡಾಲರಿಗೆ ಬಂದು ನಿಂತಿತು. ಕೊನೆಗೆ 2013ರ ಹೊತ್ತಿಗೆ ಕಂಪನಿಯ ಮುಖ್ಯ ಉದ್ಯಮ ಮಾರಾಟವಾದದ್ದು 1.875 ಕೋಟಿ ಡಾಲರಿಗೆ. ಬಳಿಯಿದ್ದ ನಗದನ್ನು ಷೇರುದಾರರಿಗೆ ಹಂಚಿ ಕಂಪನಿ ಬಾಗಿಲು ಹಾಕಿತು. ಮೊದಲ ದಿನದ ಮೌಲ್ಯವನ್ನೂ ಈ ಕಡೆಯ ಬೆಲೆಯನ್ನೂ ಹೋಲಿಸಿದರೆ 768ಕ್ಕೆ 1.

ಇದನ್ನು ಹೇಳಲು ಕಾರಣವಿದೆ. ಕಾಗದದ ಮೇಲಿನ ಸಂಪತ್ತು ಎಷ್ಟು ಬೇಗ ಕರಗುತ್ತದೆ ಎಂದು ಬಲ್ಲವರು ಕೊಡುಗೆಯನ್ನು ನಾಳೆಗೆ ಇಡುವುದಿಲ್ಲ. ದೇಶಪಾಂಡೆ ಮತ್ತು ಅವರ ಪತ್ನಿ ಜಯಶ್ರೀ (ಸುಧಾ ಮೂರ್ತಿಯವರ ತಂಗಿ) ತಮ್ಮ ಫೌಂಡೇಶನ್ನನ್ನು ಕಟ್ಟಿದ್ದು 1996ರಲ್ಲಿ. ಅಂದರೆ ಕ್ಯಾಸ್ಕೇಡ್ ಮಾರಾಟಕ್ಕಿಂತ, ಸಿಕಮೋರಿನ ಹುಟ್ಟಿಗಿಂತ ಮೊದಲು. 2002ರಲ್ಲಿ, ಸಿಕಮೋರ್ ಷೇರು ನೆಲ ಕಚ್ಚಿದ್ದ ಹೊತ್ತಿನಲ್ಲಿ, ಎಂಐಟಿಯಲ್ಲಿ ತಂತ್ರಜ್ಞಾನ ಆವಿಷ್ಕಾರ ಕೇಂದ್ರ ತೆರೆಯಲು 2 ಕೋಟಿ ಡಾಲರ್ ಕೊಟ್ಟರು. ಆಗಿನ ದರದಲ್ಲಿ 95 ಕೋಟಿ ರೂಪಾಯಿಗೂ ಹೆಚ್ಚು. 2007ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಫೌಂಡೇಶನ್ನಿನ ಅಭಿವೃದ್ಧಿ ಕಾರ್ಯಕ್ರಮ ‘ಸ್ಯಾಂಡ್‌ಬಾಕ್ಸ್’ ಶುರುವಾಯಿತು. ಧಾರವಾಡ, ಬೆಳಗಾವಿ, ಗದಗ, ಹಾವೇರಿ, ಉತ್ತರ ಕನ್ನಡ ಎಂಬ ಐದು ಜಿಲ್ಲೆಗಳು ಅದರ ಕಾರ್ಯಕ್ಷೇತ್ರ. ನಮ್ಮ ನಾಲ್ಕು ತಾಲ್ಲೂಕುಗಳೂ ಅದರೊಳಗೇ ಇವೆ. ಹುಬ್ಬಳ್ಳಿಯ ಅಕ್ಷಯ ಪಾತ್ರ ಅಡುಗೆಮನೆಗೆ ನೆರವು, ಕಾಲೇಜು ಹುಡುಗ ಹುಡುಗಿಯರಿಗೆ ‘ಲೀಡ್’ ತರಬೇತಿ, ಕೌಶಲ ಶಾಲೆ ಹೀಗೆ ಕೆಲಸ ಹರಡಿತು. ನವೋದ್ಯಮಗಳಿಗಾಗಿ ಸುಮಾರು 82 ಸಾವಿರ ಚದರಡಿಯ ಕಟ್ಟಡ ಎದ್ದು, 2018ರಲ್ಲಿ ರತನ್ ಟಾಟಾ ಮತ್ತು ನಾರಾಯಣ ಮೂರ್ತಿ ಬಂದು ಉದ್ಘಾಟನೆ ಮಾಡಿದರು. ಇವೆಲ್ಲಕ್ಕಿಂತ ನನ್ನ ಮಟ್ಟಿಗೆ ಹೆಚ್ಚು ತೂಕದ್ದು, ಮಳೆನೀರು ಹಿಡಿಯಲು ಫೌಂಡೇಶನ್ ರೈತರ ಹೊಲಗಳಲ್ಲಿ ತೋಡಿಸಿದ ಕೃಷಿಹೊಂಡ. ಕಟ್ಟಡ ಹುಬ್ಬಳ್ಳಿಯಲ್ಲಿ ನಿಲ್ಲುತ್ತದೆ, ನೀರು ನಿಲ್ಲುವುದು ಹೊಲದಲ್ಲಿ.

ಗುರ್ಲಹೊಸೂರಿನ ಹಳೆಯ ಲೆಕ್ಕ

ಈ ನೆಲಕ್ಕೆ ಉದ್ಯಮಿಗಳು ಹೊಸಬರಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ಬಳಿಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಬಳಿಕ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹೆದರುತ್ತಿದ್ದ ಕಾಲ ಅದು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. 1910ರಲ್ಲಿ ಬೆಳಗಾವಿಯ ಪುರಸಭೆಗೆ ಅವರ ಕಾರ್ಖಾನೆಯ ಜಾಗ ಬೇಕಾಯಿತು. ಜಾಗ ಬಿಟ್ಟು ಏಳಬೇಕಾದ ಅವರನ್ನು ಔಂಧ್ ಸಂಸ್ಥಾನದ ರಾಜರು ಕರೆದು 32 ಎಕರೆ ಬರಡು ಭೂಮಿ ಮತ್ತು 10,000 ರೂಪಾಯಿ ಸಾಲ ಕೊಟ್ಟರು. ಅದೇ ಇಂದು ಸಾಂಗಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ. ನಮ್ಮ ಎರೆ ಹೊಲದ ಕಷ್ಟ ಗೊತ್ತಿದ್ದವನ ಕಾರ್ಖಾನೆ, ಅದರ ಕೂಲಿ, ಅದರ ಶಾಲೆ ಎಲ್ಲ ಬೇರೆ ಸೀಮೆಯ ಪಾಲಾದವು. 32 ಎಕರೆ ಮತ್ತು 10,000 ರೂಪಾಯಿ: ಬೆಳಗಾವಿ ಕಳೆದುಕೊಂಡದ್ದನ್ನು ಇಷ್ಟು ಸಣ್ಣ ಅಂಕಿಗಳಲ್ಲಿ ಬರೆಯಬಹುದು ಎಂಬುದೇ ನೋವು. ಆದ್ದರಿಂದ ಹೊರಗೆ ಗಳಿಸಿದವರೊಬ್ಬರ ಹಣ ಇತ್ತ ತಿರುಗಿದಾಗ ಅದನ್ನು ಹಗುರವಾಗಿ ನೋಡುವ ಹಕ್ಕು ನಮಗಿಲ್ಲ. ಹೊಗಳಿಕೆಗಷ್ಟೇ ನಿಲ್ಲುವುದೂ ಸಾಲದು, ಅಳೆದು ನೋಡಬೇಕು.

ಒಂದು ಹೊಂಡ, ಎಷ್ಟು ನೀರು?

ಈ ಭಾಗದ ಎರೆಭೂಮಿಯಲ್ಲಿ ಫೌಂಡೇಶನ್ನಿನ ಕೆಲಸದಿಂದ ರೂಢಿಗೆ ಬಂದ ಅಳತೆಯನ್ನೇ ಹಿಡಿಯೋಣ: 100 ಅಡಿ ಉದ್ದ, 100 ಅಡಿ ಅಗಲ, 12 ಅಡಿ ಆಳ. ಗೋಡೆ ನೆಟ್ಟಗಿದ್ದರೆ 1,20,000 ಘನ ಅಡಿ. ಆದರೆ ಎರೆಮಣ್ಣಿನ ಗೋಡೆ ನೆಟ್ಟಗೆ ನಿಲ್ಲುವುದಿಲ್ಲ, ಮೊದಲ ದೊಡ್ಡ ಮಳೆಗೇ ಕುಸಿಯುತ್ತದೆ. ಒಂದು ಅಡಿ ಇಳಿದಂತೆ ಒಂದೂವರೆ ಅಡಿ ಒಳಗೆ ಸರಿಯುವ ಇಳಿಜಾರು ಕೊಟ್ಟರೆ ತಳ 64 ಅಡಿ ಚೌಕವಾಗುತ್ತದೆ. ಆಗ ಹಿಡಿಯುವುದು 81,984 ಘನ ಅಡಿ, ಅಂದರೆ 2,322 ಘನ ಮೀಟರ್, 23.2 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರುಗಳಲ್ಲಿ ಹೇಳುವುದಾದರೆ 464 ಟ್ಯಾಂಕರ್.

ಸರ್ಕಾರವೂ ಇದೇ ಕೆಲಸ ಮಾಡಿದೆ. ‘ಕೃಷಿ ಭಾಗ್ಯ’ ಯೋಜನೆ 2014-15ರಲ್ಲಿ ಬಂತು. ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನ. ಅದರಲ್ಲಿ ದೊಡ್ಡದೆಂದರೆ 21 ಮೀಟರ್ ಚೌಕ, 3 ಮೀಟರ್ ಆಳದ ಹೊಂಡ. ಅದೇ ಇಳಿಜಾರಿನಲ್ಲಿ ಅದು ಹಿಡಿಯುವುದು 8.4 ಲಕ್ಷ ಲೀಟರ್. ನೂರಡಿ ಹೊಂಡ ಅದರ ಎರಡೂಮುಕ್ಕಾಲು ಪಟ್ಟು. ಈ ವ್ಯತ್ಯಾಸ ಬರೀ ಗಾತ್ರದ್ದಲ್ಲ. ಮೇಲ್ಮೈಯಿಂದ ದಿನಕ್ಕೆ 5 ಮಿಲಿಮೀಟರ್ ಆವಿಯಾಗುತ್ತದೆ ಎಂದುಕೊಂಡರೆ ಸಣ್ಣ ಹೊಂಡದಿಂದ 2,205 ಲೀಟರ್, ದೊಡ್ಡದರಿಂದ 4,645 ಲೀಟರ್ ಗಾಳಿಗೆ ಹೋಗುತ್ತದೆ. ದೊಡ್ಡದರಲ್ಲಿ ದಿನಕ್ಕೆ ಸುಮಾರು ಒಂದು ಟ್ಯಾಂಕರ್ ನಷ್ಟ ಎಂದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ತುಂಬಿದ ನೀರಿನ ಪ್ರಮಾಣಕ್ಕೆ ಹೋಲಿಸಿದರೆ ಸಣ್ಣದು ದಿನಕ್ಕೆ ಶೇ 0.26 ಕಳೆದುಕೊಂಡರೆ ದೊಡ್ಡದು ಕಳೆದುಕೊಳ್ಳುವುದು ಶೇ 0.20 ಮಾತ್ರ. ಆಳ ಹೆಚ್ಚಿದಷ್ಟೂ ನೀರು ಹೆಚ್ಚು ದಿನ ಬಾಳುತ್ತದೆ. ಎರೆಭೂಮಿಯಲ್ಲಿ ಇಂಗುವಿಕೆ ಕಡಿಮೆ, ಪ್ಲಾಸ್ಟಿಕ್ ಹಾಸಿನ ಖರ್ಚು ಉಳಿಯುತ್ತದೆ. ಮಸಾರಿ ಅಥವಾ ಗರಸು ನೆಲದಲ್ಲಿ ಈ ಮಾತು ನಡೆಯದು. ಅಲ್ಲಿ ಹಾಸಿಲ್ಲದ ಹೊಂಡ ಬೇಸಾಯಕ್ಕೆ ನೀರು ಉಳಿಸುವುದಿಲ್ಲ.

ನೀರು ಎಲ್ಲಿಂದ ಬರಬೇಕು?

ಹೊಂಡ ತೋಡುವ ಉತ್ಸಾಹದಲ್ಲಿ ಹೆಚ್ಚಿನವರು ಮಾಡದೆ ಬಿಡುವ ಲೆಕ್ಕ ಇದು. ಕಿತ್ತೂರಿನ ಪಶ್ಚಿಮದ ಅಂಚಿಗೆ ಸಹ್ಯಾದ್ರಿಯ ಮಳೆಯ ಸೆರಗು ತಾಗುತ್ತದೆ. ಅಲ್ಲಿಂದ ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗದ ಕಡೆ ಹೋದಂತೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆ ಮೇಲೆ ಬೀಳುವ ನೀರು 24.3 ಲಕ್ಷ ಲೀಟರ್. ಹೊಂಡ ಹಿಡಿಯುವುದು 23.2 ಲಕ್ಷ. ಅಂದರೆ ಒಂದೇ ಎಕರೆಯ ಮಳೆ ಸಾಕು ಎಂದು ಅನಿಸುತ್ತದೆ. ಹಾಗಿಲ್ಲ. ಮಳೆಯ ಬಹುಪಾಲು ನೆಲ ಕುಡಿಯುತ್ತದೆ, ಅದು ಬೆಳೆಗೇ ಬೇಕು. ಹರಿದು ಬರುವುದು ನೂರಕ್ಕೆ ಹದಿನೈದು ಪಾಲು ಎಂದು ಉದಾರವಾಗಿಯೇ ಹಿಡಿದರೂ ಎಕರೆಗೆ 3.64 ಲಕ್ಷ ಲೀಟರ್. ಹೊಂಡದ ಮೈಮೇಲೆ ನೇರವಾಗಿ ಬೀಳುವ ಮಳೆ 5.6 ಲಕ್ಷ ಲೀಟರನ್ನು ಕಳೆದರೂ ಉಳಿದದ್ದನ್ನು ತುಂಬಿಸಲು ಸುಮಾರು ಐದು ಎಕರೆಯ ಹರಿವು ಬೇಕು. ಮಳೆ 500 ಮಿಲಿಮೀಟರಿಗೆ ಇಳಿದರೆ, ಹರಿವು ಶೇ 10ಕ್ಕೆ ಇಳಿದರೆ ಬೇಕಾಗುವುದು ಒಂಬತ್ತು ಎಕರೆ.

ಎರಡು ಎಕರೆಯ ರೈತ ಬರೀ ತನ್ನ ಹೊಲದ ಮಳೆಯಿಂದ ಈ ಹೊಂಡವನ್ನು ತುಂಬಿಸಲಾರ. ಮೇಲಿನ ಹೊಲದವನ ಒಡ್ಡು ದಾಟಿ ಬರುವ ನೀರು ಅವನಿಗೆ ಬೇಕು, ಅಥವಾ ಹತ್ತಿರದ ಹಳ್ಳದಿಂದ ಕಾಲುವೆ ತೆಗೆಯಬೇಕು. ಎಂದರೆ ಹೊಂಡ ಒಬ್ಬನ ಆಸ್ತಿಯಾದರೂ ಅದಕ್ಕೆ ಬರುವ ನೀರು ನಾಲ್ಕಾರು ಮಂದಿಯ ಒಪ್ಪಿಗೆಯಿಂದ ಬರುತ್ತದೆ. ಯಾವ ಡಾಲರೂ ಈ ಒಪ್ಪಿಗೆಯನ್ನು ಕೊಳ್ಳಲಾರದು. ಊರಲ್ಲಿ ಕೂತು ಮಾತಾಡಬಲ್ಲ ಕಾರ್ಯಕರ್ತರು ಇರುವ ಸಂಸ್ಥೆಗೆ ಸಾಧ್ಯವಾಗುವ ಕೆಲಸವಿದು. ಸಹಾಯಧನದ ಅರ್ಜಿಯನ್ನು ಕಚೇರಿಯಲ್ಲಿ ಮಂಜೂರು ಮಾಡುವ ವ್ಯವಸ್ಥೆಗೆ ಇದು ಕಾಣುವುದೇ ಇಲ್ಲ. ಫೌಂಡೇಶನ್ನಿನ ಮಾದರಿಗೆ ನಾನು ಹೆಚ್ಚು ಅಂಕ ಕೊಡುವುದು ಇಲ್ಲಿ.

ತೋಡುವ ಖರ್ಚು

2,322 ಘನ ಮೀಟರ್ ಮಣ್ಣನ್ನು ತೋಡಿ ದಡಕ್ಕೆ ಹಾಕಬೇಕು. ದೊಡ್ಡ ಹಿಟಾಚಿ ಗಂಟೆಗೆ 60 ಘನ ಮೀಟರ್ ತೋಡುತ್ತದೆ ಎಂದು ಹಿಡಿದರೆ ಸುಮಾರು 39 ಗಂಟೆ. ದಿನಕ್ಕೆ ಹತ್ತು ಗಂಟೆ ಓಡಿಸಿದರೆ ನಾಲ್ಕು ದಿನ. ಬಾಡಿಗೆ ಗಂಟೆಗೆ 1,500 ರೂಪಾಯಿ ಎಂದರೆ 58,000 ರೂಪಾಯಿ, 2,000 ಎಂದರೆ 77,000. ಕೆಳಗಿನ ಲೆಕ್ಕಕ್ಕೆ 58,000ವನ್ನೇ ಇಟ್ಟುಕೊಳ್ಳುತ್ತೇನೆ. ತಮ್ಮ ಊರಿನ ಬಾಡಿಗೆ ಹೆಚ್ಚಿದ್ದರೆ ಓದುಗರು ಅದೇ ಪ್ರಮಾಣದಲ್ಲಿ ಏರಿಸಿಕೊಳ್ಳಬಹುದು.

ಇದನ್ನೇ ಉದ್ಯೋಗ ಖಾತರಿಯಲ್ಲಿ ಸಲಿಕೆ, ಬುಟ್ಟಿ ಹಿಡಿದು ಮಾಡಿದರೆ? ಒಬ್ಬರು ದಿನಕ್ಕೆ 2 ಘನ ಮೀಟರ್ ತೋಡಿ ಹೊತ್ತು ಹಾಕಿದರೆ 1,161 ಮಾನವ ದಿನ. 2025-26ರ ಕೂಲಿ ದರ 370 ರೂಪಾಯಿಯಂತೆ 4,29,570 ರೂಪಾಯಿ. ಯಂತ್ರದ ಖರ್ಚಿನ ಏಳು ಪಟ್ಟಿಗೂ ಹೆಚ್ಚು. ಆದರೆ ಈ ಹಣ ಹಿಟಾಚಿ ಮಾಲೀಕನಿಗೂ ಡೀಸೆಲ್ ಬಂಕಿಗೂ ಹೋಗುವುದಿಲ್ಲ, ಬೇಸಿಗೆಯಲ್ಲಿ ಕೈಗೆ ಕೆಲಸವಿಲ್ಲದ ಮನೆಗಳಿಗೆ ಹೋಗುತ್ತದೆ. ಆದ್ದರಿಂದ ಏಳು ಪಟ್ಟು ಎಂದ ಮಾತ್ರಕ್ಕೆ ದಂಡದ ಖರ್ಚು ಎನ್ನಲು ನಾನು ಒಪ್ಪುವುದಿಲ್ಲ. ಎರಡೂ ಲೆಕ್ಕಗಳ ಗುರಿ ಬೇರೆ. ಬರುವ ಮಳೆಗಾಲದೊಳಗೆ ನೀರು ಹಿಡಿಯಬೇಕು ಎಂದರೆ ಹಿಟಾಚಿ. ಊರಿಗೆ ಕೂಲಿ ಬೇಕು ಎಂದರೆ ಒಡ್ಡು, ಕಾಲುವೆ, ಹೂಳೆತ್ತುವ ಕೆಲಸಗಳನ್ನು ಕೈಗೆ ಕೊಡುವುದು ಸರಿ.

ಹೊಂಡದ ಖರ್ಚಿನಲ್ಲಿ ರೈತನ ಪಾಲೂ ಇರಬೇಕು ಎಂಬುದು ದೇಶಪಾಂಡೆ ಅವರ ರೀತಿ. ಬಿಟ್ಟಿ ಸಿಕ್ಕ ಹೊಂಡಕ್ಕೂ ತನ್ನ ಗಂಟಿನಿಂದ ಇಪ್ಪತ್ತು ಮೂವತ್ತು ಸಾವಿರ ಹಾಕಿದ ಹೊಂಡಕ್ಕೂ ಅಂತರವಿದೆ. ದುಡ್ಡು ಹಾಕಿದವನು ಯಂತ್ರದ ಮೀಟರ್ ನೋಡುತ್ತಾನೆ, ಆಳಕ್ಕೆ ಅಳತೆಗೋಲು ಇಳಿಸುತ್ತಾನೆ. ಆದರೂ ಒಂದು ಎಚ್ಚರ ಬೇಕು. ಇದೇ ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಹೇರಿದ್ದರಿಂದ 1980ರ ಜುಲೈ 21ರಂದು ನರಗುಂದ ನವಲಗುಂದದಲ್ಲಿ ರೈತ ಬಂಡಾಯ ಸಿಡಿದು ಗೋಲಿಬಾರ್ ಆಯಿತು. ನೀರಿಗೆ ಬೆಲೆ ಕೊಡಲು ಈ ಸೀಮೆಯ ರೈತ ಹಿಂದೆ ಸರಿದವನಲ್ಲ. ಬಾರದ ನೀರಿಗೆ ಕೊಡಲಾರೆ ಎಂದವನು. ಹಾಗಾಗಿ ರೈತನ ಪಾಲು ಕೇಳುವ ಯಾರೇ ಆಗಲಿ ಹರಿವಿನ ಎಕರೆ ಲೆಕ್ಕವನ್ನು ಮೊದಲು ತೋರಿಸಬೇಕು.

ಕಡಲೆ ಹೊಲದಲ್ಲಿ ಲಾಭ ಎಷ್ಟು?

ಹೊಂಡದ ಬಾಯಿ 100 ಅಡಿ. ಸುತ್ತ ಹತ್ತು ಅಡಿ ದಡ ಸೇರಿದರೆ 120 ಅಡಿ ಚೌಕ, 14,400 ಚದರಡಿ, ಅಂದರೆ 13 ಗುಂಟೆ. ನಾಲ್ಕು ಎಕರೆಯವನಿಗೆ ಇದು ನೂರಕ್ಕೆ ಎಂಟು ಪಾಲು. ಎರಡು ಎಕರೆಯವನಿಗೆ ನೂರಕ್ಕೆ ಹದಿನಾರೂವರೆ ಪಾಲು. ನೂರಡಿ ಹೊಂಡ ಎಲ್ಲರಿಗೂ ಸಲ್ಲುವುದಿಲ್ಲ ಎಂಬುದು ಇಲ್ಲಿಯೇ ಗೊತ್ತಾಗುತ್ತದೆ. ಎರಡು ಎಕರೆಯ ಮೂವರು ಅಕ್ಕಪಕ್ಕದವರು ಕೂಡಿ ಒಂದು ಹೊಂಡ ಮಾಡಿಕೊಂಡರೆ ನೆಲದ ನಷ್ಟ ತಲೆಗೆ ನಾಲ್ಕೂವರೆ ಗುಂಟೆಗೆ ಇಳಿಯುತ್ತದೆ. ಹರಿವಿನ ಎಕರೆಯ ಸಮಸ್ಯೆಯೂ ಅದೇ ಏಟಿಗೆ ಬಹುಮಟ್ಟಿಗೆ ಬಗೆಹರಿಯುತ್ತದೆ.

ಈಗ ಹಿಂಗಾರಿ ಕಡಲೆಗೆ ಬರೋಣ. ಆವಿ, ಇಂಗುವಿಕೆ, ತಳದ ರಾಡಿ ಎಲ್ಲ ಸೇರಿ ಶೇ 40 ಕಳೆದರೆ ಕೈಗೆ ಸಿಗುವುದು 13.9 ಲಕ್ಷ ಲೀಟರ್. ಒಂದು ಎಕರೆಗೆ 50 ಮಿಲಿಮೀಟರಿನಷ್ಟು ನೀರು ಕೊಡಲು 2 ಲಕ್ಷ ಲೀಟರ್ ಸಾಕು. ಹೂವಿಗೆ ಮುಂಚೆ ಒಂದು, ಕಾಯಿ ಕಟ್ಟುವಾಗ ಒಂದು ಎಂದು ಎರಡು ನೀರು ಕೊಟ್ಟರೆ ಮೂರು ಎಕರೆ ಸಲೀಸಾಗಿ ತೊಯ್ಯುತ್ತದೆ. ಸೆಕೆಂಡಿಗೆ 10 ಲೀಟರ್ ಎತ್ತುವ 5 ಎಚ್‌ಪಿ ಡೀಸೆಲ್ ಎಂಜಿನ್‌ಗೆ ಎಕರೆಗೆ ಐದೂವರೆ ತಾಸು ಬೇಕು. ತಾಸಿಗೆ ಒಂದು ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿ ಎಂದರೆ ಒಂದು ನೀರಿಗೆ ಸುಮಾರು 500 ರೂಪಾಯಿ.

ಎರಡು ನೀರಿನಿಂದ ಎಕರೆಗೆ ಬರೀ ಒಂದು ಕ್ವಿಂಟಲ್ ಹೆಚ್ಚು ಬಂತು ಎನ್ನೋಣ. 2025-26ರ ಹಿಂಗಾರು ಮಾರಾಟ ಹಂಗಾಮಿನ ಕಡಲೆ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ. ಡೀಸೆಲ್ 1,000 ಕಳೆದರೆ ಎಕರೆಗೆ 4,650, ಮೂರು ಎಕರೆಗೆ 13,950. ಹೊಂಡಕ್ಕೆ ಹೋದ 13 ಗುಂಟೆಯಲ್ಲಿ ಎಕರೆಗೆ ನಾಲ್ಕು ಕ್ವಿಂಟಲಿನಂತೆ 1.3 ಕ್ವಿಂಟಲ್ ಬರುತ್ತಿತ್ತು. ಬೀಜ, ಗೊಬ್ಬರ, ಆಳು ಕಳೆದು ಅರ್ಧ ಉಳಿಯುತ್ತಿತ್ತೆಂದರೆ 3,700 ರೂಪಾಯಿ ನಷ್ಟ. ನಿವ್ವಳ 10,250. ಪೂರ್ತಿ 58,000ವನ್ನು ರೈತನೇ ಹಾಕಿದ್ದರೆ ಮರಳಿ ಬರಲು ಆರು ವರ್ಷದ ಹತ್ತಿರ ಬೇಕು. ಅರ್ಧ ಹಾಕಿದ್ದರೆ ಮೂರು ವರ್ಷ. ಹೆಚ್ಚುವರಿ ಇಳುವರಿ ಎರಡು ಕ್ವಿಂಟಲ್ ಆದರೆ ವರ್ಷಕ್ಕೆ 27,200 ಉಳಿದು ಪೂರ್ತಿ ಖರ್ಚೂ ಎರಡು ವರ್ಷಕ್ಕಿಂತ ತುಸುವೇ ಹೆಚ್ಚಿನ ಅವಧಿಯಲ್ಲಿ ತೀರುತ್ತದೆ.

ಮೇಲಿನ ಲೆಕ್ಕದಲ್ಲಿ ಸೇರದ ಒಂದು ಅಂಶವಿದೆ. ಸೆಪ್ಟೆಂಬರ್ ಕೈಕೊಟ್ಟ ವರ್ಷ ನೆರೆಹೊಲ ಪೂರ್ತಿ ಒಣಗಿದಾಗ ಹೊಂಡದವನಿಗೆ ಮೂರು ಎಕರೆಯ ಬೆಳೆ ಉಳಿಯುತ್ತದೆ. ನಾಲ್ಕು ಕ್ವಿಂಟಲಿನಂತೆ ಹನ್ನೆರಡು ಕ್ವಿಂಟಲ್, 67,800 ರೂಪಾಯಿ. ಅಂಥ ಒಂದೇ ವರ್ಷ ಹೊಂಡದ ಸಾಲ ತೀರಿಸಿ ಮಿಗಿಸುತ್ತದೆ, ಮನೆಯವರು ಬೆಂಗಳೂರಿಗೋ ಗೋವಾಕ್ಕೋ ಕೂಲಿಗೆ ಹೋಗುವುದನ್ನು ತಪ್ಪಿಸುತ್ತದೆ. ಮಳೆ ಸರಿಯಾಗಿ ಬಂದ ವರ್ಷ ಹೊಂಡ ಬೇಡವೆನಿಸುತ್ತದೆ. ಅದರ ಬೆಲೆ ತಿಳಿಯುವುದು ಕೆಟ್ಟ ವರ್ಷದಲ್ಲಿ.

ಜಲಾಶಯದ ಪಕ್ಕದಲ್ಲಿಟ್ಟು ನೋಡಿದರೆ

ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ರೇಣುಕಾ ಸಾಗರ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಅಚ್ಚುಕಟ್ಟು ಸುಮಾರು 2.18 ಲಕ್ಷ ಹೆಕ್ಟೇರ್, ಅದರಲ್ಲಿ ದೊಡ್ಡ ಭಾಗ ಜಲಾಶಯ ಇರುವ ತಾಲ್ಲೂಕಿನ ಹೊರಗಿದೆ. ಎತ್ತರದ ಹೊಲಗಳಿಗೆ ಕಾಲುವೆ ಏರುವುದಿಲ್ಲ. ಆ ಹೊಲಗಳ ಲೆಕ್ಕ ಹೊಂಡದಲ್ಲಿಯೇ ಆಗಬೇಕು.

ಒಂದು ಟಿಎಂಸಿ ಎಂದರೆ 2,832 ಕೋಟಿ ಲೀಟರ್. 23.2 ಲಕ್ಷ ಲೀಟರಿನ ಹೊಂಡಗಳು 12,200 ಆದರೆ ಒಂದು ಟಿಎಂಸಿ. ನಾಲ್ಕು ತಾಲ್ಲೂಕಿಗೆ ಹಂಚಿದರೆ ತಾಲ್ಲೂಕಿಗೆ 3,050. ಖರ್ಚು 71 ಕೋಟಿ ರೂಪಾಯಿ, ರೈತರು ಅರ್ಧ ಹಾಕಿದರೆ ಉಳಿದದ್ದು ಮೂವತ್ತೈದೂವರೆ ಕೋಟಿ. ಹೊಂಡಗಳಿಗೆ ಹೋಗುವ ಭೂಮಿ ಸುಮಾರು 4,000 ಎಕರೆ. ಹಿಟಾಚಿ ಗಂಟೆ 4.7 ಲಕ್ಷ. ಫೆಬ್ರವರಿಯಿಂದ ಮೇ ವರೆಗೆ ಹೊಲ ಖಾಲಿ ಇರುವಾಗ ಒಂದು ಯಂತ್ರಕ್ಕೆ ಸಿಗುವುದು 100 ದಿನ, 1,000 ಗಂಟೆ. ಹತ್ತು ವರ್ಷದಲ್ಲಿ ಮುಗಿಸಬೇಕೆಂದರೆ 47 ಯಂತ್ರ, ತಾಲ್ಲೂಕಿಗೆ ಹನ್ನೆರಡು. ಇದು ಕೈಗೆಟುಕದ ಮಾತಲ್ಲ. 2002ರಲ್ಲಿ ಎಂಐಟಿಗೆ ಕೊಟ್ಟ ಒಂದು ಕೊಡುಗೆಯ ರೂಪಾಯಿ ಮೊತ್ತ ಈ 71 ಕೋಟಿಗಿಂತ ದೊಡ್ಡದು. ಆ ಕೊಡುಗೆಯನ್ನು ನಾನು ಆಕ್ಷೇಪಿಸುತ್ತಿಲ್ಲ. ಆ ಮನುಷ್ಯ ಗಳಿಸಿದ್ದು ಅಲ್ಲಿನ ಪ್ರಯೋಗಾಲಯಗಳ ನೆರಳಲ್ಲಿ, ಅಲ್ಲಿಗೆ ಕೊಟ್ಟದ್ದೂ ನ್ಯಾಯ. ನಾಲ್ಕು ತಾಲ್ಲೂಕಿನ ಒಂದು ಟಿಎಂಸಿ ಎಷ್ಟು ಸಣ್ಣ ಮೊತ್ತ ಎಂಬುದನ್ನು ನಮ್ಮ ಶಾಸಕರು, ಸಹಕಾರಿ ಸಂಘಗಳು, ಇಲ್ಲಿನ ಸಕ್ಕರೆ ಕಾರ್ಖಾನೆಗಳು, ಹೊರಗೆ ನೆಲೆಸಿದ ಊರಿನ ಮಕ್ಕಳು ತಿಳಿಯಬೇಕು ಎಂದು ಹೇಳಿದೆ.

ಐದನೆಯ ವರ್ಷದ ಎಣಿಕೆ

ಹೊಂಡ ತೋಡಿದ ದಿನ ಫೋಟೊ ತೆಗೆಯುತ್ತಾರೆ. ಐದನೆಯ ವರ್ಷ ಯಾರೂ ಹೋಗಿ ನೋಡುವುದಿಲ್ಲ. ತಳದಲ್ಲಿ ಒಂದು ಅಡಿ ಹೂಳು ನಿಂತರೆ 1.2 ಲಕ್ಷ ಲೀಟರ್ ಜಾಗ ಹೋಯಿತು, ಸಾಮರ್ಥ್ಯದ ಶೇ 5. ನಾಲ್ಕು ಅಡಿ ನಿಂತರೆ ಐದನೆಯ ಒಂದು ಪಾಲಿಗೂ ಹೆಚ್ಚು. ಒಂದು ಅಡಿ ಹೂಳು ತೆಗೆಯಲು ಹಿಟಾಚಿಗೆ ಎರಡು ಗಂಟೆ ಸಾಕು, ಸುಮಾರು 3,000 ರೂಪಾಯಿ, ಮೇಲಿಂದ ಆ ಮಣ್ಣು ಹೊಲಕ್ಕೆ ಗೊಬ್ಬರ. ನೀರು ಒಳಬರುವ ಕಡೆ ಸಣ್ಣದೊಂದು ಹೂಳುಗುಂಡಿ ತೋಡಿದರೆ ಈ ಖರ್ಚೂ ತಗ್ಗುತ್ತದೆ.

ಬೇಲಿಯ ಮಾತು ಇನ್ನೂ ಮುಖ್ಯ. ದಡದ ಸುತ್ತಳತೆ 480 ಅಡಿ, ಹತ್ತು ಅಡಿಗೊಂದರಂತೆ 48 ಕಂಬ, ಮೂರು ಸಾಲು ತಂತಿ 1,440 ಅಡಿ. ಹನ್ನೆರಡು ಅಡಿ ನೀರು, ಜಾರುವ ಎರೆಮಣ್ಣಿನ ದಡ: ಮಕ್ಕಳಿಗೆ, ದನಕರುಗಳಿಗೆ, ಈಜು ಬಲ್ಲ ದೊಡ್ಡವರಿಗೂ ಇದು ಅಪಾಯ. ಬೇಲಿ, ಒಂದು ಬದಿಗೆ ಕಲ್ಲಿನ ಮೆಟ್ಟಿಲು, ನಾಲ್ಕು ಮೂಲೆಗೆ ಕಟ್ಟಿದ ಹಗ್ಗ ಇಲ್ಲದ ಹೊಂಡವನ್ನು ಮುಗಿದ ಕೆಲಸವೆಂದು ಯಾರೂ ದಾಖಲಿಸಬಾರದು. ಸರ್ಕಾರವಾದರೂ ಅಷ್ಟೆ, ಫೌಂಡೇಶನ್ ಆದರೂ ಅಷ್ಟೆ. ಒಂದು ಮಗುವಿನ ಜೀವ ಹೋದರೆ ಮೇಲೆ ಬರೆದ ಯಾವ ಅಂಕಿಗೂ ಅರ್ಥ ಉಳಿಯುವುದಿಲ್ಲ.

ದೇಶಪಾಂಡೆ ಕಟ್ಟಿದ ಕಂಪನಿಗಳನ್ನು ಪೇಟೆ ಮೂರು ತಿಂಗಳಿಗೊಮ್ಮೆ ಅಳೆಯುತ್ತಿತ್ತು. ಅವರ ಊರಿನ ಕೆಲಸಕ್ಕೂ ಅಂಥ ಅಳತೆ ಬೇಕು. ಪ್ರತಿ ಗ್ರಾಮ ಪಂಚಾಯಿತಿ ತನ್ನ ಹದ್ದಿನಲ್ಲಿ ಯಾರೇ ತೋಡಿಸಿದ ಹೊಂಡವಾಗಲಿ, ಪಟ್ಟಿ ಮಾಡಿ ಪ್ರತಿ ವರ್ಷ ನವೆಂಬರ್ ಮೊದಲ ವಾರ ಮೂರು ಅಂಕಿ ಬರೆಯಲಿ: ನೀರು ಎಷ್ಟು ಅಡಿ ಇದೆ, ಹೂಳು ಎಷ್ಟು ಅಡಿ ಇದೆ, ಬೇಲಿ ಇದೆಯೇ ಇಲ್ಲವೇ. ಇದಕ್ಕೆ ಬೇಕಾದದ್ದು ಒಂದು ಅಳತೆಗೋಲು, ಒಂದು ಪುಸ್ತಕ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಪಂಚಾಯಿತಿ ಸದಸ್ಯರು ಮುಂದಿನ ಗ್ರಾಮಸಭೆಯಲ್ಲೇ ಇದನ್ನು ಠರಾವು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.